ಐದು ಸಾಲಿನೊಳಗೆ ಡಿಸೆಂಬರ್ 26

ನಮ್ಮ ಗಲ್ಲಿಯ ತುದಿಗೆ ಯುವಕ ಮಂಡಳದವರು ನಿಲ್ಲಿಸಿದ ಕರಿ ಹಲಗೆಯೊಂದಿದೆ. ಗಣಪತಿ ವರ್ಗಣಿಯ ಲೆಕ್ಕ, ತೀರಿಕೊಂಡವರ ಸುದ್ದಿ, ನಳದ ನೀರು ಬಿಡುವ ದಿನ, ಎಲ್ಲವೂ ಅದರ ಮೇಲೇ. ಬೆಳಗಾವಿಯಲ್ಲಿ ಹಳೇ ಗಲ್ಲಿಗಳಿಗೆ ಇದೇನೂ ಹೊಸದಲ್ಲ. ನಾನು ಶಾಲೆಯಿಂದ ನಿವೃತ್ತಳಾದ ಮೇಲೆ ಅದರ ಎಡ ಮೂಲೆ ನನ್ನ ಪಾಲಿಗೆ ಬಂತು. 'ಇಂದಿನ ದಿನ' ಅಂತ ತಲೆಬರಹ, ಕೆಳಗೆ ಐದು ಸಾಲು. ಆರನೆಯದಕ್ಕೆ ಜಾಗವಿಲ್ಲ. ಯಾವ ತಾರೀಖು ಹಿಡಿದರೂ ಹುಟ್ಟಿದವರು, ಸತ್ತವರು, ಗೆದ್ದವರು, ಸೋತವರು ಸಾಲುಗಟ್ಟಿ ನಿಲ್ಲುತ್ತಾರೆ. ಯಾರನ್ನು ಬಿಡಬೇಕು ಅನ್ನುವುದೇ ಕೆಲಸ.

2024ರ ಡಿಸೆಂಬರ್ 26ರ ಬೆಳಿಗ್ಗೆ ಬಿಡುವುದು ಬಹಳವೇ ಇತ್ತು. 1791ರಲ್ಲಿ ಕಂಪ್ಯೂಟರಿನ ಪಿತಾಮಹ ಚಾರ್ಲ್ಸ್ ಬ್ಯಾಬೇಜ್ ಹುಟ್ಟಿದ್ದು, 1893ರಲ್ಲಿ ಮಾವೋ ಹುಟ್ಟಿದ್ದು, 1898ರಲ್ಲಿ ಕ್ಯೂರಿ ದಂಪತಿ ರೇಡಿಯಂ ಕಂಡೆವೆಂದು ಸಾರಿದ್ದು, 2003ರಲ್ಲಿ ಇರಾನಿನ ಬಾಮ್ ಪಟ್ಟಣ ಭೂಕಂಪಕ್ಕೆ ನೆಲಸಮವಾದದ್ದು ಇವಿಷ್ಟೂ ಹೊರಗುಳಿದವು. ಒಳಗೆ ಬಂದವರು: 1899, ಉಧಮ್ ಸಿಂಗ್ ಜನನ. 1914, ಬಾಬಾ ಆಮ್ಟೆ ಜನನ. 1924, ಬೆಳಗಾವಿ ಕಾಂಗ್ರೆಸ್ ಅಧಿವೇಶನ. 1991, ಸೋವಿಯತ್ ಒಕ್ಕೂಟ ವಿಸರ್ಜನೆ. 2004, ಸುನಾಮಿ.

ಬಾಬಾ ಆಮ್ಟೆ ಮೇಲಿನ ಮನೆಯ ಕಾಕು ಅವರ ಒತ್ತಾಯ. ಅವರ ಮಾತು ಮರಾಠಿ, ಕುಷ್ಠರೋಗಿಗಳಿಗಾಗಿ ಆಮ್ಟೆ ಕಟ್ಟಿದ ವರೋರಾದ ಆನಂದವನವನ್ನು ಕಣ್ಣಾರೆ ಕಂಡು ಬಂದವರು, ಅವರೆದುರು ವಾದ ನಡೆಯುವುದಿಲ್ಲ. ಬ್ಯಾಬೇಜ್ ಪರವಾಗಿ ಎದುರು ಮನೆಯ ಹುಡುಗ ನಿಂತಿದ್ದ. ಕಂಪ್ಯೂಟರ್ ಕಲಿಯುತ್ತಾನೆ. ಅವನದು ಇನ್ನೊಂದು ಪ್ರಶ್ನೆ: "ಅಕ್ಕೋರ, ಇವ್ರೆಲ್ಲಾ ಕೂಡಿ ಒಂದ ದಿನ ಯಾಕ ಹುಟ್ಟ್ಯಾರ್ರಿ?"

"ಇರೂದ 366 ತಾರೀಖು, ಮಂದಿ ಲಕ್ಷಗಟ್ಟಲೆ. ಮತ್ತೆಲ್ಲಿ ಹೋಗಿ ಹುಟ್ಟಬೇಕೋ?" ಅಂದೆ. ಒಂದು ಕೋಣೆಯಲ್ಲಿ 23 ಜನ ಕೂತರೆ ಸಾಕು, ಇಬ್ಬರ ಹುಟ್ಟುಹಬ್ಬ ಒಂದೇ ಆಗುವ ಸಾಧ್ಯತೆ ಅರ್ಧಕ್ಕಿಂತ ಹೆಚ್ಚು ಅಂತಲೂ ಹೇಳಿದೆ. ಅವನು ನಂಬಲಿಲ್ಲ. ಲೆಕ್ಕ ಹಾಕಿ ನೋಡು ಅಂತ ಕಳಿಸಿದೆ.

ಊರಿಗೆ ಊರೇ ಮೂರನೇ ಸಾಲಿನ ಗುಂಗಿನಲ್ಲಿತ್ತು. ಗಾಂಧೀಜಿ ಕಾಂಗ್ರೆಸ್ಸಿನ ಅಧ್ಯಕ್ಷತೆ ವಹಿಸಿದ್ದು ಇಡೀ ಬದುಕಿನಲ್ಲಿ ಒಂದೇ ಸಲ, ಅದೂ ನಮ್ಮೂರಲ್ಲಿ. ಗಂಗಾಧರರಾವ್ ದೇಶಪಾಂಡೆ ಮುಂದೆ ನಿಂತು ಟಿಳಕವಾಡಿಯ ಬಯಲಿನಲ್ಲಿ ವಿಜಯನಗರ ಅಂತ ಹೆಸರಿಟ್ಟು ಊರನ್ನೇ ಕಟ್ಟಿದ್ದರು. ಬಂದವರಿಗೆ ನೀರು ಬೇಕಲ್ಲ, ಬಾವಿ ತೋಡಿ ಅದಕ್ಕೆ ಪಂಪಾ ಸರೋವರ ಅಂದರು. ನಮಗೆ ಅದು ಕಾಂಗ್ರೆಸ್ ಬಾವಿ. ಅಲ್ಲಿಯೇ ಹುಯಿಲಗೋಳ ನಾರಾಯಣರಾಯರು 'ಉದಯವಾಗಲಿ ನಮ್ಮ ಚೆಲುವ ಕನ್ನಡ ನಾಡು' ಹಾಡಿದ್ದು. ಗಂಗೂಬಾಯಿ ಹಾನಗಲ್ ಎಳೆಯ ಹುಡುಗಿಯಾಗಿ ಸ್ವಾಗತ ಗೀತೆ ಹೇಳಿದ್ದು. ಅದೇ ಮಂಟಪದಲ್ಲಿ ಸಿದ್ದಪ್ಪ ಕಂಬಳಿಯವರ ಅಧ್ಯಕ್ಷತೆಯಲ್ಲಿ ಕರ್ನಾಟಕ ಏಕೀಕರಣದ ಪರಿಷತ್ತೂ ನಡೆಯಿತು. ನನ್ನ ಮಟ್ಟಿಗೆ ರಾಜಕಾರಣದ ಗೊತ್ತುವಳಿಗಳಿಗಿಂತ ಇವೇ ದೊಡ್ಡವು. ಹಲಗೆಯಲ್ಲಿ ಮಾತ್ರ ಎಲ್ಲಕ್ಕೂ ಕೂಡಿ ಒಂದು ಸಾಲು, ಸುನಾಮಿಯ ಲಕ್ಷಾಂತರ ಸಾವಿಗೂ ಒಂದೇ ಸಾಲು. ಈ ಸಮಪಾಲು ನನಗೆ ಎಂದೂ ಸರಿಬಂದಿಲ್ಲ.

ನೂರನೇ ವರ್ಷಕ್ಕೆ ಊರು ತುಂಬ ದೀಪ ಹಾಕಿದ್ದರು. ಮಧ್ಯಾಹ್ನ ವೀರಸೌಧದಲ್ಲಿ ಕಾಂಗ್ರೆಸ್ಸಿನ ದೊಡ್ಡವರ ಸಭೆ. ಸಂಜೆ ದೀಪ ನೋಡುವ ಮಂದಿಯಿಂದ ಚೆನ್ನಮ್ಮ ವೃತ್ತದ ಸುತ್ತ ಕಾಲಿಡಲು ಜಾಗವಿರಲಿಲ್ಲ. ನಾವೂ ಹೋಗಿ ಕುಂದಾ ಕಟ್ಟಿಸಿಕೊಂಡು ಬಂದೆವು. ಬಂದು ಟಿವಿ ಹಚ್ಚಿದರೆ ದಿಲ್ಲಿಯ ಏಮ್ಸ್‌ನಲ್ಲಿ ಮನಮೋಹನ್ ಸಿಂಗ್ ತೀರಿಕೊಂಡ ಸುದ್ದಿ. ರಾತ್ರಿ 9:51ಕ್ಕೆ, 92 ವರ್ಷ.

ಮಲಗಲಿಕ್ಕೆ ತಡವಾಯಿತು. ಬೆಳಿಗ್ಗೆ ಒಂದಕ್ಕೊಂದು ಸಂಬಂಧವಿಲ್ಲ ಅಂತ ಬರೆದಿದ್ದ ಸಾಲುಗಳೇ ತಲೆಯಲ್ಲಿ ತಿರುಗುತ್ತಿದ್ದವು. 1991ರ ಡಿಸೆಂಬರಿನಲ್ಲಿ ಸೋವಿಯತ್ ಮುಗಿಯಿತು. ಅದೇ ವರ್ಷ ಜುಲೈ 24ರಂದು, ದೇಶ ಬಂಗಾರ ಒತ್ತೆಯಿಟ್ಟ ಬೆನ್ನಲ್ಲೇ, ಈ ಮನುಷ್ಯ ಹಣಕಾಸು ಮಂತ್ರಿಯಾಗಿ ಬಜೆಟ್ ಓದಿದ್ದರು. 2004ರ ಮೇ ತಿಂಗಳಲ್ಲಿ ಪ್ರಧಾನಿಯಾದರು. ಏಳು ತಿಂಗಳಿಗೆ ಸುಮಾತ್ರಾದಿಂದೆದ್ದ ಅಲೆ ಅಂಡಮಾನ್‌ಗೆ, ನಾಗಪಟ್ಟಣಕ್ಕೆ ಬಡಿಯಿತು. ಮುಂದಿನ ವರ್ಷ ವಿಪತ್ತು ನಿರ್ವಹಣಾ ಕಾಯ್ದೆ ಬಂತು, 2007ರಲ್ಲಿ ಹೈದರಾಬಾದಿನಲ್ಲಿ ಸುನಾಮಿ ಮುನ್ನೆಚ್ಚರಿಕೆ ಕೇಂದ್ರ. ಇನ್ನು ಗಾಂಧಿ ಕೂತ ಕುರ್ಚಿಯ ಪಕ್ಷವೇ ಅವರ ಪಕ್ಷ. ಹುಡುಗನಿಗೆ 'ಆಕಸ್ಮಿಕ, ಅಷ್ಟೇ' ಎಂಬರ್ಥದಲ್ಲಿ ಉತ್ತರ ಕೊಟ್ಟಿದ್ದೆ. ಆಕಸ್ಮಿಕವೇ ಹೌದು, ಆ ಮಾತನ್ನು ಈಗಲೂ ಬಿಡುವುದಿಲ್ಲ. ಆದರೆ ಐದರಲ್ಲಿ ಮೂರು ಸಾಲುಗಳ ನಡುವೆ ಒಂದು ಆಯುಷ್ಯ ದಾರದ ಹಾಗೆ ಹಾದುಹೋಗಿತ್ತು.

ಮರುದಿನ ರಜೆ ಘೋಷಿಸಿದರು, ಏಳು ದಿನ ಶೋಕಾಚರಣೆ. ಅಂದು ಸಿಪಿಎಡ್ ಮೈದಾನದಲ್ಲಿ ನಡೆಯಬೇಕಿದ್ದ ಕಾಂಗ್ರೆಸ್ ರ‍್ಯಾಲಿ ರದ್ದಾಯಿತು. 27ಕ್ಕೂ ನನ್ನ ಬಳಿ ಸಾಲುಗಳು ಸಿದ್ಧವಿದ್ದವು: 1797ರಲ್ಲಿ ಗಾಲಿಬ್ ಹುಟ್ಟಿದ್ದು, 1822ರಲ್ಲಿ ಲೂಯಿ ಪಾಶ್ಚರ್, 1911ರಲ್ಲಿ ಕಲಕತ್ತೆಯ ಕಾಂಗ್ರೆಸ್ ಅಧಿವೇಶನದಲ್ಲಿ 'ಜನಗಣಮನ' ಮೊದಲ ಸಲ ಹಾಡಿದ್ದು. ಹಿಂದಿನ ದಿನದ್ದನ್ನು ಅಳಿಸಿ ಇವನ್ನು ಬರೆಯಲು ಕೈ ಬರಲಿಲ್ಲ. ಬಲಗಡೆ ಮಂಡಳದವರು ರ‍್ಯಾಲಿಗೆ ವಾಹನ ಸಂಚಾರ ಬದಲಾದ ಸೂಚನೆ ಬರೆದಿದ್ದರು, ಅದೀಗ ಯಾರಿಗೂ ಬೇಕಿರಲಿಲ್ಲ. ಒಬ್ಬ ಹುಡುಗ ಒದ್ದೆ ಅರಿವೆ ತಂದು ಒರೆಸಿ, "ಇಲ್ಲಿ ಬರೀರಿ ಅಕ್ಕೋರ" ಅಂದ. ಆರನೇ ಸಾಲು ಅಲ್ಲಿ ಬಂತು. ಗಾಲಿಬ್‌ಗೆ ಆ ವರ್ಷ ಜಾಗ ಸಿಗಲಿಲ್ಲ.

ಕಾಕು ಬಂದು ಮೊದಲು ಬಾಬಾ ಆಮ್ಟೆ ಇದ್ದಾರೋ ಇಲ್ಲವೋ ನೋಡಿದರು, ಆಮೇಲೆ ಬಲಗಡೆಯದನ್ನು ಓದಿದರು. "ಭಾಳ ಕಡಿಮಿ ಮಾತಾಡ್ತಿದ್ರು," ಅಂದರು.

ವರ್ಷ ತಿರುಗಿ ಅದೇ ತಾರೀಖು ಬಂದಾಗ ಬಲಗಡೆ ಜಾಗವನ್ನು ಮಂಡಳದವರು ವಾಪಸ್ ತೆಗೆದುಕೊಂಡಿದ್ದರು. ಸೋವಿಯತ್ ಒಕ್ಕೂಟವನ್ನು ಬಿಟ್ಟೆ. ಕೇಳಲು ಯಾರೂ ಬರಲಿಲ್ಲ, ಬ್ಯಾಬೇಜ್‌ನ ವಕೀಲನೊಬ್ಬ ಮಾತ್ರ ಬಂದ. ಅವನಿಗೆ 23 ಜನರ ಲೆಕ್ಕ ಅಷ್ಟೊತ್ತಿಗೆ ಬಂದಿತ್ತು.