ಪಂಜಾಬಿನ ತಿಂಗಳುಗಳು: ಸೂರ್ಯನ ಲೆಕ್ಕ, ಚಂದ್ರನ ಲೆಕ್ಕ

2017ರಲ್ಲಿ ಸಿಖ್ಖರ ಹತ್ತನೆಯ ಗುರು ಗೋಬಿಂದ್ ಸಿಂಗರ ಜಯಂತಿ ಜನವರಿ 5ರಂದು ಒಮ್ಮೆ, ಡಿಸೆಂಬರ್ 25ರಂದು ಮತ್ತೊಮ್ಮೆ ಬಂದಿತು. 2018ರಲ್ಲಿ ಅದು ಬರಲೇ ಇಲ್ಲ. ಆ ವರ್ಷ ಅಧಿಕ ಮಾಸವೊಂದು ನಡುವೆ ಸೇರಿದ್ದರಿಂದ ಮುಂದಿನ ಜಯಂತಿ 2019ರ ಜನವರಿ 13ಕ್ಕೆ ಹೋಯಿತು. ಪಂಜಾಬಿನ ಪಂಚಾಂಗ ಎರಡು ಲೆಕ್ಕಗಳನ್ನು ಒಟ್ಟಿಗೆ ಹೊತ್ತು ನಡೆಯುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಚೇತ್, ವೈಸಾಖ್, ಜೇಠ್, ಹಾಢ್, ಸಾವಣ್, ಭಾದೋಂ, ಅಸ್ಸೂ, ಕತ್ತಕ್, ಮಗ್ಘರ್, ಪೋಹ್, ಮಾಘ್, ಫಗ್ಗಣ್ ಎಂಬ ಹನ್ನೆರಡು ತಿಂಗಳುಗಳನ್ನು ಅಲ್ಲಿನ ಜನ ಸೂರ್ಯನ ಸಂಕ್ರಮಣದಿಂದ ಎಣಿಸುತ್ತಾರೆ. ತಿಂಗಳು ಹುಟ್ಟುವ ದಿನಕ್ಕೆ ಸಂಗ್ರಾಂದ್ ಎಂದು ಹೆಸರು. ಅಂದು ಗುರುದ್ವಾರಗಳಲ್ಲಿ ಐದನೆಯ ಗುರು ಅರ್ಜನರು ಹನ್ನೆರಡು ತಿಂಗಳುಗಳ ಮೇಲೆ ರಚಿಸಿದ ಬಾರಹ್ ಮಾಹಾ ಎಂಬ ಕಾವ್ಯದಿಂದ ಹೊಸ ತಿಂಗಳ ಭಾಗವನ್ನು ಓದುತ್ತಾರೆ. ದೇವರನ್ನು ಹತ್ತಿರದಲ್ಲಿ ಕಾಣದವನನ್ನೇ ಹಾಢ್ ತಿಂಗಳ ಬೇಗೆ ಸುಡುತ್ತದೆ, ದೇವರ ಅಪ್ಪುಗೆಯಲ್ಲಿರುವವರಿಗೆ ಪೋಹ್ ತಿಂಗಳ ಹಿಮ ತಾಗದು ಎಂಬ ಅದರ ಮಾತುಗಳಲ್ಲಿ ಭಕ್ತಿಯಷ್ಟೇ ಪಂಜಾಬಿನ ಹವೆಯೂ ಇದೆ. ಪೋಹ್ ತಿಂಗಳ ಕೊನೆಯ ರಾತ್ರಿ ಲೋಹ್ಡಿಯ ಬೆಂಕಿ ಹೊತ್ತಿಸಿ, ಅದಕ್ಕೆ ಎಳ್ಳು, ಕಡಲೆಕಾಯಿ ಹಾಕಿ, ಮರುದಿನ ಮಾಘಿ ಆಚರಿಸುತ್ತಾರೆ. ಗೋಧಿ ಕಟಾವಿಗೆ ಬರುವ ಹೊತ್ತಿಗೆ ವೈಸಾಖಿ ಬರುತ್ತದೆ.

ಗುರುಗಳ ಜಯಂತಿಗಳು ಮಾತ್ರ ತಿಥಿಯನ್ನು ಅನುಸರಿಸುತ್ತವೆ. ಹನ್ನೆರಡು ಚಾಂದ್ರಮಾಸಗಳು ಸೇರಿದರೂ ಸುಮಾರು 354 ದಿನಗಳೇ ಆಗುವುದರಿಂದ ಅವು ಹಿಂದೆ ಮುಂದೆ ಸರಿಯುತ್ತಲೇ ಇರುತ್ತವೆ. ಸೌರಮಾಸದಲ್ಲಿಯೂ ಸಣ್ಣದೊಂದು ತೊಡಕಿದೆ: ನಕ್ಷತ್ರಗಳನ್ನು ಆಧರಿಸಿದ ವರ್ಷ ಋತುಗಳ ವರ್ಷಕ್ಕಿಂತ ಸುಮಾರು 20 ನಿಮಿಷ ದೀರ್ಘವಾದ್ದರಿಂದ 72 ವರ್ಷಕ್ಕೆ ಹೆಚ್ಚುಕಡಿಮೆ ಒಂದು ದಿನದ ಅಂತರ ಬೀಳುತ್ತದೆ. ದೀಕ್ಷೆ ಪಡೆದ ಸಿಖ್ಖರ ಸಮುದಾಯವಾದ ಖಾಲ್ಸಾ ಸ್ಥಾಪನೆಯಾದ 1699ರ ವೈಸಾಖಿ ಇಂದಿನ ಕ್ಯಾಲೆಂಡರಿನ ಲೆಕ್ಕದಲ್ಲಿ ಏಪ್ರಿಲ್ 8ರ ಸುಮಾರಿಗೆ ಬಿದ್ದಿತ್ತು. ಈಗ ಅದು ಏಪ್ರಿಲ್ 13 ಅಥವಾ 14.

ಕೆನಡಾದಲ್ಲಿ ನೆಲೆಸಿದ್ದ ಪಾಲ್ ಸಿಂಗ್ ಪುರೇವಾಲ್ ಈ ಎರಡೂ ತೊಡಕುಗಳಿಗೆ ಪರಿಹಾರವಾಗಿ ನಾನಕ್‌ಶಾಹಿ ಕ್ಯಾಲೆಂಡರನ್ನು ರೂಪಿಸಿದರು. ಗುರು ನಾನಕರು ಹುಟ್ಟಿದ 1469 ಅದರ ಆರಂಭದ ವರ್ಷ. ಚೇತ್ ತಿಂಗಳ ಮೊದಲ ದಿನ ಸದಾ ಮಾರ್ಚ್ 14. ಮೊದಲ ಐದು ತಿಂಗಳಿಗೆ 31 ದಿನ, ಉಳಿದವಕ್ಕೆ 30, ಅಧಿಕ ವರ್ಷದಲ್ಲಿ ಫಗ್ಗಣ್‌ಗೆ ಒಂದು ದಿನ ಹೆಚ್ಚು. ಗುರುದ್ವಾರಗಳ ಆಡಳಿತ ನೋಡಿಕೊಳ್ಳುವ ಶಿರೋಮಣಿ ಗುರುದ್ವಾರ ಪ್ರಬಂಧಕ ಸಮಿತಿ 2003ರಲ್ಲಿ ಇದನ್ನು ಜಾರಿಗೆ ತಂದಾಗಲೂ ಗುರು ನಾನಕರ ಜಯಂತಿ, ಹೋಲಾ ಮೊಹಲ್ಲಾ ಮತ್ತು ಬಂದಿ ಛೋಡ್ ದಿವಸಗಳನ್ನು ಚಂದ್ರನಿಗೇ ಬಿಟ್ಟಿತು. ಸುಧಾರಣೆಯ ದುರ್ಬಲ ಜಾಗ ಇದೇ ಎಂದು ನನಗೆ ಅನಿಸುತ್ತದೆ. ಮೂರು ಹಬ್ಬಗಳಿಗೆ ವಿನಾಯಿತಿ ಕೊಟ್ಟ ಮೇಲೆ ಉಳಿದವುಗಳಿಗೆ ಏಕಿಲ್ಲ ಎಂಬ ಪ್ರಶ್ನೆಗೆ ಖಗೋಳಶಾಸ್ತ್ರದಲ್ಲಿ ಉತ್ತರವಿಲ್ಲ. 2010ರ ತಿದ್ದುಪಡಿಯಲ್ಲಿ ಸಂಗ್ರಾಂದ್‌ಗಳೂ ಹಲವು ಜಯಂತಿಗಳೂ ಹಳೆಯ ಬಿಕ್ರಮಿ, ಅಂದರೆ ವಿಕ್ರಮ ಸಂವತ್ಸರದ ಪಂಚಾಂಗದ, ಲೆಕ್ಕಕ್ಕೆ ಮರಳಿದವು. ಅದನ್ನು ಒಪ್ಪದ ಗುರುದ್ವಾರಗಳು 2003ರ ಪಟ್ಟಿಯನ್ನೇ ಉಳಿಸಿಕೊಂಡಿರುವುದರಿಂದ ಒಂದೇ ಜಯಂತಿ ಇಂದಿಗೂ ಬೇರೆ ಬೇರೆ ಕಡೆ ಬೇರೆ ಬೇರೆ ದಿನ ನಡೆಯುತ್ತದೆ.