ಮೈನಸ್ ಮೂವತ್ತರಿಂದ ಸೊನ್ನೆಗೆ

ಬ್ರೆಮರ್‌ಹಾವೆನ್ (ಜರ್ಮನಿ), ಏಪ್ರಿಲ್ 19, 2025, ಶನಿವಾರ

ಈಸ್ಟರ್ ರಜೆ. ನಿನ್ನೆ ಗುಡ್ ಫ್ರೈಡೇ ಅಂತ ಅಂಗಡಿಗಳೆಲ್ಲ ಬಂದ್, ನಾಳೆ ನಾಡಿದ್ದೂ ಬಂದ್. ನಡುವೆ ಸಿಕ್ಕ ಈ ಒಂದು ಶನಿವಾರ ಊರಿಗೆ ಊರೇ ಸಾಮಾನು ತರಲು ನುಗ್ಗಿತ್ತು. ನಾನೂ ಹೋಗಿ ಹಾಲು, ಮೊಸರು, ಟೊಮೆಟೊ ತಂದು ಹಾಕಿ, ಊಟದ ಮೇಜಿನ ಮೇಲೇ ಲ್ಯಾಪ್‌ಟಾಪ್ ತೆರೆದು ಕೂತೆ. ಐದು ವರ್ಷದ ಹಿಂದೆ ಇದೇ ವಾರ ಆರ್ಕ್ಟಿಕ್‌ನಲ್ಲಿ ಹವೆ ಅಳೆಯಲು ಹಾರಿಸಿದ ಬಲೂನುಗಳ ಫೈಲುಗಳನ್ನು ಒಂದಾದ ಮೇಲೊಂದು ತೆಗೆದು ನೋಡುವುದು ಬಹಳ ದಿನದಿಂದ ಬಾಕಿ ಇತ್ತು.

2020ರ ಏಪ್ರಿಲ್ ಮಧ್ಯ. ಜರ್ಮನಿಯ ಸಂಶೋಧನಾ ಹಡಗು ಪೋಲಾರ್‌ಸ್ಟರ್ನ್ ಸ್ವಾಲ್‌ಬಾರ್ಡ್ ದ್ವೀಪಗಳಿಗಿಂತಲೂ ಉತ್ತರಕ್ಕೆ, ಸುಮಾರು 84 ಡಿಗ್ರಿ ಅಕ್ಷಾಂಶದಲ್ಲಿ ಮಂಜುಗಡ್ಡೆಗೆ ಕಟ್ಟಿಕೊಂಡು ಅದರ ಜೊತೆಗೇ ತೇಲುತ್ತಿದೆ. ಸೂರ್ಯ ಮುಳುಗುವುದು ಆಗಲೇ ನಿಂತಿದೆ, ಆದರೂ ಚಳಿ ಮಾತ್ರ ಚಳಿಗಾಲದ್ದೇ. ವಾರದ ಮೊದಲ ಗ್ರಾಫುಗಳಲ್ಲಿ ಉಷ್ಣಾಂಶದ ಗೆರೆ ತಳದಲ್ಲಿ ಮೈನಸ್ 30ರ ಹತ್ತಿರ ಶುರುವಾಗಿ, ಮೇಲೆ ಹೋಗುತ್ತಾ ಬಲಕ್ಕೆ ವಾಲುತ್ತದೆ. ಬಲಕ್ಕೆ ವಾಲಿತು ಅಂದರೆ ಬೆಚ್ಚಗಾಯಿತು ಅಂತ. ಶಾಲೆಯಲ್ಲಿ ಎತ್ತರಕ್ಕೆ ಹೋದ ಹಾಗೆ ತಂಪು ಎಂದು ಕಲಿತದ್ದು ಇಲ್ಲಿ ತಲೆಕೆಳಗು. ಹಿಮ ರಾತ್ರಿ ಹಗಲು ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಡುತ್ತಾ ಗಾಳಿಗಿಂತ ತಣ್ಣಗಾಗುತ್ತದೆ, ಅದನ್ನು ಮುಟ್ಟಿಕೊಂಡ ಗಾಳಿಯೂ ತಣ್ಣಗಾಗಿ ಭಾರವಾಗಿ ಅಲ್ಲೇ ಕೂತುಬಿಡುತ್ತದೆ. ಕೆಲವು ನೂರು ಮೀಟರ್ ಮೇಲೆ ಹೋದರೆ ಹತ್ತು ಡಿಗ್ರಿಗೂ ಹೆಚ್ಚು ಬೆಚ್ಚಗಿರುವುದುಂಟು.

ಆಮೇಲಿನ ಫೈಲುಗಳಲ್ಲಿ ಆ ವಾಲು ಕರಗುತ್ತಾ ಹೋಗುತ್ತದೆ. ದಕ್ಷಿಣದಿಂದ ತೇವ ತುಂಬಿದ ಬೆಚ್ಚನೆಯ ಗಾಳಿ ಎರಡು ಅಲೆಯಾಗಿ ನುಗ್ಗಿತು: ಒಂದು 16ರ ಸುಮಾರಿಗೆ, ಇನ್ನೊಂದು 19-20ಕ್ಕೆ. ಎರಡನೆಯದು ಬಂದಾಗ ಗಡ್ಡೆಯ ಮೇಲಿನ ಗಾಳಿ ಹತ್ತಿರ ಹತ್ತಿರ ಸೊನ್ನೆ ಡಿಗ್ರಿ. ಒಂದೇ ವಾರದೊಳಗೆ 30 ಡಿಗ್ರಿ ಏರಿಕೆ! ಪರದೆಯ ಮೇಲೆ ಇದು ಬರೀ ಒಂದು ವಾಲಿದ ಗೆರೆ ನೆಟ್ಟಗಾದದ್ದು. ನನಗಂತೂ ಎದ್ದು ಹೋಗಿ ಕಾಫಿ ಮಾಡಿಕೊಂಡು ಬಂದು ಮತ್ತೆ ನೋಡುವಷ್ಟು ಕುತೂಹಲ.

ಈ ಬಲೂನು ಹಾರಿಸಿದವರ ಸ್ಥಿತಿ ನೆನೆಸಿಕೊಂಡರೆ ಪಾಪ ಅನ್ನಿಸುತ್ತದೆ. ಫೆಬ್ರವರಿ ಕೊನೆಯಲ್ಲಿ ಹಡಗು ಸೇರಿದ ಆ ತಂಡ ಏಪ್ರಿಲ್ ಮೊದಲಲ್ಲಿ ವಿಮಾನ ಹತ್ತಿ ಮನೆಗೆ ಹೊರಡಬೇಕಿತ್ತು. ಅಷ್ಟರಲ್ಲಿ ಕೊರೊನಾ, ಗಡಿಗಳೆಲ್ಲ ಮುಚ್ಚಿದವು, ವಿಮಾನ ಬರಲಿಲ್ಲ. ಅವರು ಹಡಗು ಇಳಿದದ್ದು ಜೂನ್‌ನಲ್ಲಿ. ನಾವೆಲ್ಲ ಮನೆಯೊಳಗೆ ಕೂತಿದ್ದಾಗ ಅವರು ಹಡಗಿನೊಳಗೆ. ಎಲ್ಲ ಸರಿಯಾಗಿ ನಡೆದಿದ್ದರೆ ಈ ವಾರದ ಬಲೂನು ಹಿಡಿದ ಕೈಗಳು ಬೇರೆಯವರದ್ದಾಗಿರುತ್ತಿದ್ದವು.

ಮೊಸಾಯಿಕ್ ಎಂಬ ಈ ಯಾತ್ರೆಯ ಕಥೆ ಆಗ ಪತ್ರಿಕೆಗಳಲ್ಲಿ ಸಾಕಷ್ಟು ಬಂದಿತ್ತು, ಹಾಗಾಗಿ ಚುಟುಕಾಗಿ: 2019ರ ಸೆಪ್ಟೆಂಬರ್ 20ಕ್ಕೆ ನಾರ್ವೆಯ ಟ್ರೋಮ್ಸೊದಿಂದ ಹೊರಟು, ಅಕ್ಟೋಬರ್ ಮೊದಲ ವಾರ ಸೈಬೀರಿಯದ ಉತ್ತರಕ್ಕೆ, 85 ಡಿಗ್ರಿಯಲ್ಲಿ ಒಂದು ಗಡ್ಡೆ ಆರಿಸಿ, ಇಂಜಿನ್ ಬಳಸದೆ ಅದು ಕರೆದೊಯ್ದ ಕಡೆ ಹೋದದ್ದು. ಮಾರ್ಕಸ್ ರೆಕ್ಸ್ ಮುಂದಾಳು. 20 ದೇಶಗಳು, 14 ಕೋಟಿ ಯೂರೋ ಖರ್ಚು. ಉಪಾಯವೇನೂ ಹೊಸದಲ್ಲ. ಅಮೆರಿಕದ ಜೆನೆಟ್ ಎಂಬ ಹಡಗು 1881ರಲ್ಲಿ ಸೈಬೀರಿಯದ ಕಡೆ ಮಂಜಿಗೆ ಸಿಕ್ಕಿ ನುಚ್ಚುನೂರಾಯಿತು. ಮೂರು ವರ್ಷದ ಮೇಲೆ ಅದರ ಅವಶೇಷಗಳು ಗ್ರೀನ್‌ಲ್ಯಾಂಡ್ ತೀರದಲ್ಲಿ ಸಿಕ್ಕವು. ಮರದ ತುಂಡು ಧ್ರುವದ ಕಡೆಯಿಂದ ದಾಟಿ ಬರಬಹುದಾದರೆ ಹಡಗು ಯಾಕೆ ಬರಬಾರದು ಎಂದು ಹೊರಟವನು ನಾರ್ವೆಯ ನಾನ್ಸೆನ್. ಅವನ ಹಡಗು ಫ್ರಾಮ್ 1893ರಲ್ಲಿ ಮಂಜಿನಲ್ಲಿ ಹೆಪ್ಪುಗಟ್ಟಿ 1896ರಲ್ಲಿ ಈಚೆ ಬಂತು. ಗಡ್ಡೆಗಳು ಗಾಳಿ ಬೀಸಿದ ಕಡೆಗೇ ನೇರವಾಗಿ ಹೋಗದೆ ಬಲಕ್ಕೆ 20ರಿಂದ 40 ಡಿಗ್ರಿ ಓರೆಯಾಗಿ ಸಾಗುತ್ತವೆ ಎಂದು ಅವನು ಅಲ್ಲಿ ಗುರುತು ಹಾಕಿಕೊಂಡದ್ದನ್ನೇ ಹಿಡಿದು ಸ್ವೀಡನ್ನಿನ ವಿಜ್ಞಾನಿ ಎಕ್‌ಮನ್ ಸಾಗರ ಪ್ರವಾಹದ ಸಿದ್ಧಾಂತ ಕಟ್ಟಿದ. ಇವತ್ತೂ ನಮ್ಮ ಪಠ್ಯದ ಮೊದಲ ಅಧ್ಯಾಯಗಳಲ್ಲಿ ಬರುವುದು ಅದೇ.

ಪತ್ರಿಕೆಗಳಿಗೆ ಬೇಕಾದದ್ದು ಹಿಮಕರಡಿ ಮತ್ತು ಕತ್ತಲೆ. ತಪ್ಪಲ್ಲ, ಕರಡಿ ಬಂದದ್ದೂ ನಿಜ, ಕೋವಿ ಹಿಡಿದು ಕಾವಲು ನಿಂತದ್ದೂ ನಿಜ. ಆದರೆ ಇಡೀ ಯಾತ್ರೆಯ ಬೆನ್ನೆಲುಬು ಯಾವುದೆಂದು ನನ್ನನ್ನು ಕೇಳಿದರೆ, ಯಾರೂ ಫೋಟೊ ತೆಗೆಯದ ಒಂದು ಬೇಜಾರಿನ ಕೆಲಸ: ಆರು ಗಂಟೆಗೊಮ್ಮೆ ಬಲೂನು ಬಿಡುವುದು. ಹೆಲಿಕಾಪ್ಟರ್ ಇಳಿಯುವ ಡೆಕ್ಕಿನ ಪಕ್ಕ ಬಿಳಿ ರಬ್ಬರು ಬಲೂನಿಗೆ ಹೀಲಿಯಂ ತುಂಬಿಸಿ, ಅಂಗೈಯಗಲದ ರೇಡಿಯೋಸಾಂಡ್ ಎಂಬ ಉಪಕರಣ ಕಟ್ಟಿ, ಗಾಳಿ ಅದನ್ನು ಹಡಗಿನ ಮೇಲ್ಭಾಗಕ್ಕೆ ಬಡಿಯದ ಹೊತ್ತು ನೋಡಿ ಕೈ ಬಿಡಬೇಕು. ಅದು ಸೆಕೆಂಡಿಗೆ ಸುಮಾರು ಐದು ಮೀಟರಿನಂತೆ ಏರುತ್ತಾ ಉಷ್ಣಾಂಶ, ತೇವಾಂಶ, ಒತ್ತಡ, ತಾನು ಎಲ್ಲಿದ್ದೇನೆ ಎಂಬುದನ್ನೆಲ್ಲ ಕೆಳಕ್ಕೆ ಕಳಿಸುತ್ತಿರುತ್ತದೆ. 30 ಕಿಲೋಮೀಟರ್ ಹತ್ತಿರ ಹೋಗಿ ಒಡೆಯುತ್ತದೆ. ಅಷ್ಟು ಹೊತ್ತಿಗೆ ಮುಂದಿನದಕ್ಕೆ ತಯಾರಿ. ಕ್ರಿಸ್‌ಮಸ್ ರಾತ್ರಿಗೂ ವಿನಾಯಿತಿ ಇಲ್ಲ. ವಿಶೇಷ ಸಂದರ್ಭದಲ್ಲಿ ದಿನಕ್ಕೆ ಏಳರವರೆಗೂ ಬಿಟ್ಟಿದ್ದಾರೆ. ವರ್ಷಕ್ಕೆ ಒಟ್ಟು ಸಾವಿರದ ಐನೂರಕ್ಕೂ ಹೆಚ್ಚು.

ಉಪಗ್ರಹ ಇದೆಯಲ್ಲ, ಇಷ್ಟು ಒದ್ದಾಟ ಯಾಕೆ ಎಂಬ ಪ್ರಶ್ನೆ ಪ್ರತಿ ಸಲ ಬರುತ್ತದೆ. ಉಪಗ್ರಹ ಮೇಲಿನಿಂದ ನೋಡುವಾಗ ಕೆಳಗೆ ಬಿಳಿ ಗಡ್ಡೆ, ಅದರ ಮೇಲೆ ಬಿಳಿ ಮೋಡ. ಉಷ್ಣಾಂಶ ನೋಡಿ ಬೇರ್ಪಡಿಸೋಣ ಅಂದರೆ ಮೋಡ ಗಡ್ಡೆಗಿಂತ ಬೆಚ್ಚಗೂ ಇರಬಹುದು. ಚಳಿಗಾಲದಲ್ಲಿ ಸೂರ್ಯನ ಬೆಳಕಂತೂ ಇಲ್ಲ. ಅದೆಲ್ಲ ಇರಲಿ, ಶಾಖದ ಲೇವಾದೇವಿ ನಡೆಯುವುದು ಗಡ್ಡೆಗೆ ಅಂಟಿದ ಮೊದಲ ಕೆಲವು ನೂರು ಮೀಟರಿನಲ್ಲಿ. ಅಲ್ಲಿನ ಒಂದೊಂದು ಪದರವನ್ನು ಬಿಡಿಸಿ ನೋಡುವಷ್ಟು ಚೂಪಾದ ಕಣ್ಣು ಮೇಲಿನಿಂದ ಯಾವುದಕ್ಕೂ ಇಲ್ಲ. ಹವಾಮಾನವನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ಮಾಡೆಲ್‌ಗಳೂ ಎಡವುವುದು ಇದೇ ಪದರದಲ್ಲಿ. ಗಾಳಿ ಎಷ್ಟು ಕಲಕಬೇಕು ಎಂದು ಅಂದಾಜು ಮಾಡುವುದರಲ್ಲಿ ಸ್ವಲ್ಪ ಹೆಚ್ಚುಕಡಿಮೆ ಆದರೆ ಸಾಕು, ನೆಲದ ಉಷ್ಣಾಂಶ ನಾಲ್ಕೈದು ಡಿಗ್ರಿ ಆಚೀಚೆ.

ಬಲೂನಿಗೂ ಒಂದು ದೌರ್ಬಲ್ಯ ಇದೆ. ಅದು ಹೊರಡುವುದು ಹಡಗಿನಿಂದ. ಹಡಗು ಅಂದರೆ ಬಿಸಿ ಕಬ್ಬಿಣದ ಗುಡ್ಡ, ಮೇಲೆ ಹೊಗೆಕೊಳವೆ ಬೇರೆ. ಮೊದಲ ಹತ್ತಾರು ಮೀಟರ್‌ಗಳ ಲೆಕ್ಕವನ್ನು ಹಾಗೇ ನಂಬುವಂತಿಲ್ಲ. ಅದಕ್ಕೇ ಹಡಗಿನಿಂದ ಸಾಕಷ್ಟು ದೂರದಲ್ಲಿ, ಗಡ್ಡೆಯ ಮೇಲೆ, ಮೆಟ್ ಸಿಟಿ ಎಂಬ ಹೆಸರಿನಲ್ಲಿ ಹವೆ ಅಳೆಯುವ ಗೋಪುರ ನಿಲ್ಲಿಸಿದ್ದು. ಹಗ್ಗ ಕಟ್ಟಿ ಏರಿಸಿ ಇಳಿಸುವ ದಪ್ಪನೆಯ ಬಲೂನು ಇನ್ನೊಂದು ಕಡೆ. ಅದಕ್ಕೆ ಟಿವಿಯ ಬೊಂಬೆ ಹಂದಿಯ ಹೆಸರು, ಮಿಸ್ ಪಿಗ್ಗಿ ಅಂತ, ಇಟ್ಟಿದ್ದರು. ವಿಜ್ಞಾನಿಗಳ ಹಾಸ್ಯ ಹೀಗೇ ಇರುತ್ತದೆ. ನವೆಂಬರಿನ ಬಿರುಗಾಳಿಗೆ ಗಡ್ಡೆ ಬಿರಿದು, ಮೆಟ್ ಸಿಟಿಗೆ ಹೋಗುವ ಕರೆಂಟಿನ ತಂತಿಯೇ ಕಡಿದಿತ್ತು. ಒಳ್ಳೆಯ ಹವೆಯಲ್ಲೂ ಉಪಕರಣದ ಗಾಜಿನ ಮೇಲೆ ಮಂಜಿನ ಹೂ ಬೆಳೆಯುತ್ತದೆ. ಗಾಜಿನ ಮೇಲೆ ಮಂಜು ಕೂತರೆ ಆಕಾಶದಿಂದ ಬರುವ ಶಾಖವನ್ನು ಅಳೆಯುವ ಯಂತ್ರ ಮಂಜಿನ ಶಾಖವನ್ನೇ ಅಳೆದು ಮೋಡ ಇದೆ ಎಂದುಬಿಡುತ್ತದೆ. ಹೋಗಿ ಒರೆಸಬೇಕು. ಮೈನಸ್ 35ರಲ್ಲಿ, ಹೆಡ್‌ಲ್ಯಾಂಪ್ ಬೆಳಕಿನಲ್ಲಿ, ಗೀರು ಬೀಳದ ಹಾಗೆ.

ಮಧ್ಯಾಹ್ನ ಅಮ್ಮ ಫೋನ್ ಮಾಡಿದ್ದರು. "ರಜೆಲೂ ಎಂತ ಕೆಲಸನೇ ನಿಂದು?" ಅಂದರು. ಮೋಡ ನೋಡ್ತಿದೀನಿ ಅಂದೆ. ಹಿಂದಿನಿಂದ ಅಪ್ಪನ ದನಿ: "ಮೋಡ ನೋಡೂಕೆ ಅಷ್ಟು ದೂರ ಹೋಗ್ಬೇಕಿತ್ತನಾ?" ಅಪ್ಪನಿಗೆ ಈ ವಿಷಯ ನನಗಿಂತ ಚೆನ್ನಾಗಿ ಗೊತ್ತು. ಮಾಗಿಯಲ್ಲಿ ಆಕಾಶ ತೊಳೆದಿಟ್ಟ ಹಾಗಿದ್ದ ರಾತ್ರಿ ಅಂಗಳದಲ್ಲಿ ನಿಲ್ಲಲು ಆಗುವುದಿಲ್ಲ, ಮೋಡ ಕಟ್ಟಿದ ರಾತ್ರಿ ಕಂಬಳಿಯೇ ಬೇಡ. ಮಲೆನಾಡಿನ ಸಾಗರದ ಅಡಿಕೆ ತೋಟದಲ್ಲಿ ನಡೆಯುವುದೂ ಧ್ರುವದಲ್ಲಿ ನಡೆಯುವುದೂ ಒಂದೇ ಭೌತಶಾಸ್ತ್ರ. ವ್ಯತ್ಯಾಸ ಏನೆಂದರೆ ಅಲ್ಲಿ ರಾತ್ರಿ ತಿಂಗಳುಗಟ್ಟಲೆ.

1997ರ ಅಕ್ಟೋಬರ್‌ನಿಂದ ಒಂದು ವರ್ಷ ಕೆನಡಾದ ದೆ ಗ್ರೊಸೆಯೆ ಎಂಬ ಐಸ್‌ಬ್ರೇಕರ್ (ಮಂಜು ಒಡೆದು ಸಾಗುವ ಹಡಗು) ಬ್ಯೂಫೋರ್ಟ್ ಸಮುದ್ರದ ಗಡ್ಡೆಗಳ ನಡುವೆ ತೇಲಿತ್ತು. ಶೀಬಾ ಅಂತ ಆ ಯೋಜನೆಯ ಹೆಸರು. ಅಲ್ಲಿನ ಅಳತೆಗಳಲ್ಲಿ ಒಂದು ವಿಚಿತ್ರ ಎದ್ದು ಕಂಡಿತು. ಚಳಿಗಾಲದ ಆರ್ಕ್ಟಿಕ್‌ಗೆ ಎರಡೇ ಸ್ಥಿತಿ. ಒಂದರಲ್ಲಿ ಆಕಾಶ ತೆರೆದಿರುತ್ತದೆ, ಗಡ್ಡೆ ಚದರ ಮೀಟರಿಗೆ ಸುಮಾರು 40 ವಾಟ್ ಶಾಖ ಕಳೆದುಕೊಳ್ಳುತ್ತದೆ. ಇನ್ನೊಂದರಲ್ಲಿ ಮೋಡ ಮುಚ್ಚಿರುತ್ತದೆ, ಕಳೆಯುವುದು ಹತ್ತಿರ ಹತ್ತಿರ ಸೊನ್ನೆ. ನಡುವಿನ ಸ್ಥಿತಿ ಅಪರೂಪ. ಒಂದರಿಂದ ಇನ್ನೊಂದಕ್ಕೆ ಕೆಲವೇ ಗಂಟೆಗಳಲ್ಲಿ ಜಿಗಿತ. ಈ ಜಿಗಿತಕ್ಕೆ ದಟ್ಟ ಮೋಡವೂ ಬೇಡ. ಚದರ ಮೀಟರ್ ನೆಲದ ಮೇಲಿನ ಇಡೀ ಮೋಡದ ನೀರನ್ನು ಹಿಂಡಿ ತೆಗೆದರೆ 30 ಗ್ರಾಂ ಸಿಕ್ಕರೆ ಸಾಕು, ಅಂದರೆ ಎರಡು ದೊಡ್ಡ ಚಮಚ.

ಆದರೆ ಅದು ನೀರೇ ಆಗಿರಬೇಕು, ಮಂಜಿನ ಹರಳಲ್ಲ. ನನಗೆ ಈ ಕ್ಷೇತ್ರದ ಹುಚ್ಚು ಹಿಡಿಸಿದ್ದೇ ಇದು. ಮೈನಸ್ 20ರಲ್ಲಿ, ಕೆಲವೊಮ್ಮೆ ಮೈನಸ್ 30ರ ಹತ್ತಿರದಲ್ಲೂ ಈ ಮೋಡಗಳಲ್ಲಿ ಹೆಪ್ಪುಗಟ್ಟದ ನೀರಹನಿ ಇರುತ್ತದೆ. ಹರಳು ಮತ್ತು ಹನಿ ಒಂದೇ ಕಡೆ ಇದ್ದರೆ ಹರಳು ಹನಿಯ ಆವಿ ಕುಡಿದು ಬೆಳೆಯುತ್ತದೆ, ಹನಿ ಬತ್ತುತ್ತದೆ ಎಂದು 1911ರಷ್ಟು ಹಿಂದೆಯೇ ಸೂಚಿಸಿದವನು ಆಲ್ಫ್ರೆಡ್ ವೆಗನರ್. ಹೌದು, ಖಂಡಗಳು ಚಲಿಸುತ್ತವೆ ಅಂದ ಅದೇ ವೆಗನರ್. ಮೊಸಾಯಿಕ್ ನಡೆಸಿದ, ಇಲ್ಲಿ ಬ್ರೆಮರ್‌ಹಾವೆನ್‌ನ ಸಂಸ್ಥೆಗೆ ಇರುವುದೂ ಅವನ ಹೆಸರೇ. ಅವನ ಲೆಕ್ಕದಂತೆ ಇಂಥ ಮೋಡ ಕೆಲವು ಗಂಟೆಗಳಲ್ಲಿ ಹರಳಾಗಿ ಉದುರಿ ಮುಗಿಯಬೇಕು. ಆರ್ಕ್ಟಿಕ್‌ನಲ್ಲಿ ಅದು ದಿನಗಟ್ಟಲೆ ನಿಲ್ಲುತ್ತದೆ. ಮೋಡದ ನೆತ್ತಿ ಆಕಾಶಕ್ಕೆ ಶಾಖ ಬಿಟ್ಟು ತಣ್ಣಗಾಗಿ ಕೆಳಕ್ಕಿಳಿಯುತ್ತದೆ, ಒಳಗಿನದು ಮೇಲೇಳುತ್ತದೆ, ಆ ಕಲಕಾಟದಲ್ಲಿ ಹೊಸ ಹನಿ ಹುಟ್ಟುತ್ತದೆ. ಮೋಡದ ಮೇಲಿನ ಗಾಳಿಯಲ್ಲಿ ಒಳಗಿನದಕ್ಕಿಂತ ಹೆಚ್ಚು ತೇವ ಇರುವುದೂ ಸಾಮಾನ್ಯ, ಅಲ್ಲಿಂದ ಪೂರೈಕೆ. ಹರಳು ಉದುರುತ್ತಲೇ ಇರುತ್ತದೆ, ಹನಿ ಹುಟ್ಟುತ್ತಲೇ ಇರುತ್ತದೆ. ಮಾಡೆಲ್‌ಗಳಲ್ಲಿ ಇದನ್ನು ಕೂಡಿಸುವುದು ದೊಡ್ಡ ತಲೆನೋವು. ಹಲವು ಮಾಡೆಲ್‌ಗಳು ನೀರನ್ನು ಬೇಗ ಹರಳು ಮಾಡಿಬಿಡುತ್ತವೆ, ಆಕಾಶ ತೆರೆಯುತ್ತದೆ, ಗಡ್ಡೆ ಇರಬೇಕಾದ್ದಕ್ಕಿಂತ ತಣ್ಣಗೆ.

ಹನಿ ಹುಟ್ಟಲು ಬೀಜದಂಥ ಕಣ ಬೇಕು. ಚಳಿಗಾಲದ ಮಧ್ಯ ಆರ್ಕ್ಟಿಕ್‌ನಲ್ಲಿ ಕಣಗಳಿಗೇ ಬರ. ಹಾಗಿರುವಾಗ ಆ ಏಪ್ರಿಲ್‌ನ ಗಾಳಿ ತೇವದ ಜೊತೆ ಯುರೇಷಿಯದ ಉತ್ತರ ಭಾಗದ ಹೊಗೆ ಧೂಳನ್ನೂ ಹೊತ್ತು ತಂದಿತು. ಮಧ್ಯ ಯುರೋಪಿನ ನಗರಗಳಲ್ಲಿ ಇರುವಷ್ಟು ಕಣ ಗಡ್ಡೆಯ ಮೇಲೆ ತೇಲಿದವು ಎಂದು ಹಡಗಿನ ಅಳತೆಗಳು ಹೇಳಿದವು. ಹತ್ತಿರದಲ್ಲಿ ಒಂದು ಊರಿಲ್ಲ, ಒಲೆಯಿಲ್ಲ, ಗಾಳಿ ಮಾತ್ರ ಪೇಟೆಯದು! ಇದನ್ನು ಬರೆಯುವಾಗ ಕಿಟಕಿಯಿಂದ ಹೊಗೆ ವಾಸನೆ ಬರುತ್ತಿದೆ. ಈಸ್ಟರ್ ಶನಿವಾರ ಇಲ್ಲಿ ಸುತ್ತಲಿನ ಹಳ್ಳಿಗಳಲ್ಲಿ ಒಣ ಕೊಂಬೆಗಳನ್ನು ರಾಶಿ ಹಾಕಿ ಬೆಂಕಿ ಹಚ್ಚುವ ಪದ್ಧತಿ. ಕಾಮದಹನದ ಹಾಗೆಯೇ ಅಂತ ಅಮ್ಮನಿಗೆ ಹೇಳಿದ್ದೆ. ಕಿಟಕಿ ಮುಚ್ಚಿದೆ.

ತಮ್ಮ ವಾಟ್ಸಾಪಿನಲ್ಲಿ ಕೇಳಿದ: "ಅಕ್ಕಾ, ಆ ಹಡಗಲ್ಲಿ ನಮ್ಮೋರು ಯಾರೂ ಇರ್ಲಿಲ್ವಾ?" ಇದ್ದರು, ಕೇರಳದ ವಿಷ್ಣು ನಂದನ್. ಗಡ್ಡೆಯ ಮೇಲಿನ ಹಿಮವನ್ನು ರೇಡಾರಿನಿಂದ ಅಳೆಯುವುದು ಅವರ ಕೆಲಸ. ಭಾರತಕ್ಕೆ ಸ್ವಾಲ್‌ಬಾರ್ಡ್‌ನ ನೀ-ಓಲೆಸುಂಡ್‌ನಲ್ಲಿ 2008ರಿಂದ ಹಿಮಾದ್ರಿ ನೆಲೆ ಇದೆ. 2023ರ ಡಿಸೆಂಬರ್‌ನಲ್ಲಿ ಮೊದಲ ಸಲ ಚಳಿಗಾಲದಲ್ಲೂ ತಂಡ ಹೋಯಿತು, ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರೂ ಅದರಲ್ಲಿದ್ದರು. ಆದರೆ ನೆಲೆ ನೆಲದ ಮೇಲಿನದು, ತೇಲುವ ಗಡ್ಡೆಯ ಮೇಲಿನ ಗಾಳಿಯ ಸ್ವಭಾವ ಬೇರೆ. ತಮ್ಮನ ಮುಂದಿನ ಪ್ರಶ್ನೆ ನನಗೆ ಗೊತ್ತಿತ್ತು: ಮುಂಗಾರಿಗೂ ಇದಕ್ಕೂ ಸಂಬಂಧ ಇದೆಯಾ? ಈ ಬಗ್ಗೆ ಸಂಶೋಧನೆ ನಡೆದಿದೆ, ವಾದವೂ ನಡೆದಿದೆ. ಅರ್ಜಿ ಬರೆಯುವಾಗ ಮುಂಗಾರಿನ ಹೆಸರು ಹೇಳಿದರೆ ದುಡ್ಡು ಸುಲಭ ಎಂದು ಕೆಲವರು ಮೊದಲ ಪುಟದಲ್ಲೇ ಹಾಕುತ್ತಾರೆ. ನನಗೆ ಅದು ಹಿಡಿಸುವುದಿಲ್ಲ. ಆರ್ಕ್ಟಿಕ್ ಜಗತ್ತಿನ ಸರಾಸರಿಗಿಂತ ಹಲವು ಪಟ್ಟು ವೇಗವಾಗಿ ಬಿಸಿಯಾಗುತ್ತಿದೆ, ಕಾರಣ ಹುಡುಕಲು ಅಷ್ಟು ಸಾಲದೇ?

ಮೇ ಮಧ್ಯದಲ್ಲಿ ಹಡಗು ಜನರನ್ನು ಬದಲಿಸಲು ಗಡ್ಡೆ ಬಿಟ್ಟು ಸ್ವಾಲ್‌ಬಾರ್ಡ್‌ಗೆ ಹೋಗಬೇಕಾಯಿತು, ವಾಪಸಾದದ್ದು ಜೂನ್ ಮಧ್ಯಕ್ಕೆ. ಹಿಮ ಕರಗಲು ಶುರುವಾಗುವ, ಎಲ್ಲರೂ ಕಾಯುತ್ತಿದ್ದ ಆ ತಿಂಗಳೇ ಗಡ್ಡೆಯ ಮೇಲೆ ಜನ ಇಲ್ಲ. ಯಾರ ತಪ್ಪೂ ಅಲ್ಲ, ಆದರೂ ಆ ಖಾಲಿ ಜಾಗ ಕಂಡಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಜುಲೈ ಕೊನೆಗೆ ಗ್ರೀನ್‌ಲ್ಯಾಂಡ್ ಮತ್ತು ಸ್ವಾಲ್‌ಬಾರ್ಡ್ ನಡುವೆ ಗಡ್ಡೆ ಚೂರಾಯಿತು. ಅವರು ಮತ್ತೆ ಉತ್ತರಕ್ಕೆ ಹೋಗಿ, ಆಗಸ್ಟ್ 19ಕ್ಕೆ ಧ್ರುವ ಮುಟ್ಟಿ, ಇನ್ನೊಂದು ಗಡ್ಡೆ ಹಿಡಿದು ಶರತ್ಕಾಲದ ಹೆಪ್ಪುಗಟ್ಟುವಿಕೆ ಅಳೆದು, ಅಕ್ಟೋಬರ್ 12ಕ್ಕೆ ಈ ಊರಿಗೇ ಬಂದರು.

ಡೇಟಾ ಎಲ್ಲರಿಗೂ ತೆರೆದಿದೆ. ಬಲೂನಿನ ಫೈಲುಗಳು ಪ್ಯಾಂಜಿಯಾ ಎಂಬ ಆನ್‌ಲೈನ್ ಸಂಗ್ರಹದಲ್ಲಿ ಪುಕ್ಕಟೆ ಸಿಗುತ್ತವೆ, ಲಾಗಿನ್ ಕೂಡ ಬೇಡ. ಬೆಂಗಳೂರು, ಮಂಗಳೂರಿನ ಎಂಎಸ್ಸಿ ವಿದ್ಯಾರ್ಥಿಗಳು ಯಾರಾದರೂ ಇದನ್ನು ಓದುತ್ತಿದ್ದರೆ ಏಪ್ರಿಲ್ 10ರಿಂದ 22ರವರೆಗಿನವನ್ನು ಇಳಿಸಿಕೊಂಡು ಪೈಥಾನ್‌ನಲ್ಲಿ ಒಂದರ ಮೇಲೊಂದು ಗ್ರಾಫ್ ಹಾಕಿ ನೋಡಿ. ಮೊದಲ 100 ಮೀಟರನ್ನು ಮಾತ್ರ ಹಡಗಿನ ಶಾಖದ ನೆನಪಿಟ್ಟುಕೊಂಡು ಓದಿ, ಆ ಭಾಗಕ್ಕೆ ಗೋಪುರದ ಲೆಕ್ಕವನ್ನೂ ಪಕ್ಕದಲ್ಲಿಡಿ. ಅನುಮಾನ ಬಂದರೆ ಕೆಳಗೆ ಬರೆಯಿರಿ, ಮಂಗಳವಾರ ಆಫೀಸಿಗೆ ಹೋದ ಮೇಲೆ ಉತ್ತರಿಸುತ್ತೇನೆ.