ಬಾಯಲ್ಲಿ ಕಲ್ಲುಸಕ್ಕರೆ ಇರುವಾಗ

ಚಿಕ್ಕಬಳ್ಳಾಪುರ ಜಿಲ್ಲೆಯ ಕೈವಾರದ ಸಂತಕವಿ ತಾತಯ್ಯನವರು, ಅಂದರೆ ಯೋಗಿ ನಾರೇಯಣರು, ಬಳೆ ಮಾರಿ ಸಂಸಾರ ನಡೆಸಿದವರು. ಬಳೆಯ ಮಲಾರ ಹೊತ್ತು ಊರೂರು ಸುತ್ತುವ ಕೆಲಸ. ಬೀದಿಯ ಕೂಗು, ಚೌಕಾಸಿ, ಸಾಲ ಕೇಳುವವರು, ಮನೆಯಲ್ಲಿ ದುಡ್ಡಿನ ಮಾತು. ಈ ಗದ್ದಲದಲ್ಲಿ ಜಪ ಎಲ್ಲಿ ಸಾಧ್ಯ ಅನ್ನುತ್ತೇವಲ್ಲ, ಗದ್ದಲ ಅಂದರೆ ಅದೇ ಅಲ್ವಾ? ಅಂಥವರಿಗೆ ಪರದೇಶಿ ಸ್ವಾಮಿ ಎಂಬ ಗುರು 'ಓಂ ನಮೋ ನಾರಾಯಣಾಯ' ಎಂಬ ಅಷ್ಟಾಕ್ಷರಿ ಮಂತ್ರ ಹೇಳಿಕೊಟ್ಟು, ಬಾಯಿಗೆ ಒಂದು ಬೆಣಚುಕಲ್ಲು ಹಾಕಿದರು. ಇದು ಕಲ್ಲುಸಕ್ಕರೆ ಆಗೋವರೆಗೂ ಜಪ ಮಾಡು ಎಂದರು. ಬೆಟ್ಟದ ಗವಿಯಲ್ಲಿ ಕೂತು ತಾತಯ್ಯನವರು ಹಾಗೇ ಮಾಡಿದರು, ಕಲ್ಲು ಕಲ್ಲುಸಕ್ಕರೆ ಆಯಿತು ಅನ್ನುತ್ತದೆ ಕಥೆ.

ನಮ್ಮಜ್ಜಿ ಈ ಕಥೆಯನ್ನು ಬರೀ ಹೇಳಿ ಸುಮ್ಮನಾಗುತ್ತಿರಲಿಲ್ಲ. ಸಂಜೆ ದೀಪ ಹಚ್ಚಿದ ಮೇಲೆ ನಮ್ಮನ್ನೆಲ್ಲ ಸಾಲಾಗಿ ಕೂರಿಸಿ, ಒಬ್ಬೊಬ್ಬರ ಬಾಯಿಗೂ ಒಂದು ಹರಳು ಕಲ್ಲುಸಕ್ಕರೆ ಹಾಕುತ್ತಿದ್ದಳು. 'ಕಚ್ಚಬೇಡ ಕಣೇ, ಅದೇ ಕರಗಲಿ. ಅಲ್ಲೀವರೆಗೂ ಒಳಗೊಳಗೇ ನಾರೇಯಣ ಅಂತಿರು.' ನಾರಾಯಣನಿಗೆ ನಮ್ಮ ಕಡೆ ನಾರೇಯಣ ಅಂತಲೇ ಅನ್ನುವುದು. ಸೆರಗಿನ ಗಂಟಿನಲ್ಲಿ ಕರ್ಪೂರದ ಜೊತೆ ಇಟ್ಟಿದ್ದ ಸಕ್ಕರೆ ಅದು, ಕರ್ಪೂರದ ವಾಸನೆಯೇ ಜಾಸ್ತಿ. ಮೊದಲು ಹರಳಿನ ಮೂಲೆ ಅಂಗುಳಕ್ಕೆ ಚುಚ್ಚುತ್ತಿತ್ತು. ಆಮೇಲೆ ಮೂಲೆ ಸವೆದು ನುಣ್ಣಗಾಗುತ್ತಿತ್ತು. ಕೊನೆಗೆ ಸಿಹಿಯೆಲ್ಲ ಹೋಗಿ ಒಳಗಿನ ದಾರ ಮಾತ್ರ ನಾಲಿಗೆ ಮೇಲೆ ಉಳಿಯುತ್ತಿತ್ತು. ಆ ದಾರ ಸಿಗುವ ಹೊತ್ತಿಗೆ ನಾರೇಯಣ ಅನ್ನುವುದು ನಾವು ಅನ್ನದೆಯೇ ನಡೆಯುತ್ತಿತ್ತು. ಕಣ್ಮುಚ್ಚು, ಮನಸ್ಸು ನಿಲ್ಲಿಸು ಅಂತ ಅಜ್ಜಿ ಯಾವತ್ತೂ ಹೇಳಲಿಲ್ಲ. ಎಂಟು ವರ್ಷದ ಮಗುವಿಗೆ ಮನಸ್ಸು ನಿಲ್ಲಿಸು ಅಂದರೆ ಏನು ತಿಳಿಯುತ್ತದೆ?

ಈಗಿನ ಮಕ್ಕಳಿಗೆ ಭಕ್ತಿಯೇ ಇಲ್ಲ, ಮೊಬೈಲೇ ದೇವರು ಅಂತ ನಮ್ಮ ವಯಸ್ಸಿನವರು ಗೊಣಗುತ್ತಾರೆ. ನನಗೆ ಈ ಮಾತು ಕೇಳಿದರೆ ಸಿಟ್ಟು ಬರುತ್ತದೆ. ಮಂಗಳಾರತಿ ಹೊತ್ತಿಗೆ ಕೈ ಮುಗಿಯದೆ ಫೋನ್ ಎತ್ತಿ ಹಿಡಿಯುವವರು ಯಾರು? ನಮ್ಮಂಥ ದೊಡ್ಡವರೇ. ದೀಪ ಹಚ್ಚುವ ಹೊತ್ತಿಗೆ ಧಾರಾವಾಹಿ ಶುರುವಾಗುತ್ತದೆ, ದೇವರ ಮುಂದೆ ಡಬ್ಬಿಯೊಳಗಿಂದ ಅಷ್ಟೋತ್ತರ ತಾನಾಗಿ ಓಡುತ್ತದೆ. ಮಕ್ಕಳು ಇನ್ನೇನನ್ನು ನೋಡಿ ಕಲಿಯಬೇಕು?

ಈ ಸಲ ಗುರುಪೂರ್ಣಿಮೆಗೆ ಕೈವಾರಕ್ಕೆ ಹೋಗುವಾಗ ಪಿಯುಸಿ ಓದುವ ಅಣ್ಣನ ಮಗಳನ್ನೂ ಕರೆದುಕೊಂಡು ಹೋದೆ. ಅಲ್ಲಿ 72 ಗಂಟೆ ಹಗಲೂ ರಾತ್ರಿ ಸಂಗೀತ ನಡೆಯುತ್ತದಲ್ಲ, ದೊಡ್ಡ ವಿದ್ವಾಂಸರೂ ಹಾಡುತ್ತಾರೆ, ಹಳ್ಳಿಯ ಭಜನೆ ತಂಡದವರೂ ಹಾಡುತ್ತಾರೆ. ಅವಳು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡೇ ಬಂದಳು. ನಾನು ತೆಗಿ ಅನ್ನಲಿಲ್ಲ. ನಮ್ಮಜ್ಜಿಯ ಮೊಮ್ಮಗಳು ನಾನು, ಚೀಲದಿಂದ ಒಂದು ಹರಳು ಕಲ್ಲುಸಕ್ಕರೆ ತೆಗೆದು ಕೊಟ್ಟೆ, ಕಚ್ಚಬೇಡ ಅಂದೆ. ನಕ್ಕಳು, ಆದರೂ ಬಾಯಿಗೆ ಹಾಕಿಕೊಂಡಳು.

ಅವಳ ಪಕ್ಕದಲ್ಲೇ ತಾಳ ಹಿಡಿದ ಅಜ್ಜ ಒಬ್ಬರು ತಾತಯ್ಯನವರ ತೆಲುಗು ಪದ ಹಾಡುತ್ತಿದ್ದರು. ನಮ್ಮ ಕಡೆ ಅಜ್ಜಿಯರಿಗೆಲ್ಲ ತೆಲುಗು ನೀರು ಕುಡಿದಷ್ಟು ಸಲೀಸು, ಈ ಮಕ್ಕಳಿಗೆ ಅರ್ಧಂಬರ್ಧ. ಯಾವಾಗ ಇಯರ್‌ಫೋನ್ ತೆಗೆದಳೋ ಗೊತ್ತಿಲ್ಲ. 'ತಾತಾ, ಆ ಸಾಲಿಗೆ ಏನರ್ಥ?' ಅಂತ ಕೇಳುತ್ತಿದ್ದಳು. ಅವರು ತಾಳ ನಿಲ್ಲಿಸಿ, ಒಂದೊಂದೇ ಮಾತು ಬಿಡಿಸಿ ಹೇಳಿದರು. ನನಗೆ ಗಂಟಲು ಕಟ್ಟಿತು. ಕೈವಾರದ ದೇವರು ಅಮರನಾರೇಯಣನ ದರ್ಶನಕ್ಕೆ ನೂಕುನುಗ್ಗಲು ಹೇಗಿತ್ತು, ಊಟ ಎಷ್ಟು ಹೊತ್ತಿಗಾಯಿತು, ಒಂದೂ ನೆನಪಿಲ್ಲ.

ಈಗ ಅವಳು ಆ ಪದ ಕಲಿಯುತ್ತಿದ್ದಾಳೆ. ತೆಲುಗು ಸಾಲುಗಳನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಂಡಿದ್ದಾಳೆ. 'ಅತ್ತೆ, ಮುಂದಿನ ಚರಣ ಹಾಡಿ ಕಳಿಸು' ಅಂತ ಅದೇ ಫೋನಿನಲ್ಲಿ ಮೆಸೇಜ್ ಬರುತ್ತದೆ. ಅಡುಗೆಮನೆ ಬಾಗಿಲು ಹಾಕಿಕೊಂಡು ಹಾಡಿ ಕಳಿಸುತ್ತೇನೆ. ನನ್ನ ಶ್ರುತಿ ಸರಿಯಿಲ್ಲವಂತೆ, ಅದನ್ನೂ ಮುಲಾಜಿಲ್ಲದೆ ಹೇಳುತ್ತಾಳೆ.